ಐದೂವರೆಯ ನಾಡಿ

ಕಳೆದ ತಿಂಗಳು ಖಾನಾಪುರದಲ್ಲಿ ಮಾಮಾನ ಮರಿಮೊಮ್ಮಗಳ ನಾಮಕರಣವಿತ್ತು. ತೊಟ್ಟಿಲ ಶಾಸ್ತ್ರ ಮುಗಿದು, ಊಟವಾಗಿ, ಎಲ್ಲರೂ ಜಮಖಾನೆಯ ಮೇಲೆ ಕಾಲು ಚಾಚಿ ಕೂತಿದ್ದೆವು. ಮಾಮಾ ಎಂದರೆ ನಮ್ಮ ಅವ್ವನ ತಮ್ಮ. ಅವನಿಗೆ ಮೂವರು ಮಕ್ಕಳು. ಹಿರಿಯಳು ನನ್ನ ಓರಗೆಯವಳು. ಅವಳ ಬೆನ್ನಿಗೆ ಇಬ್ಬರು ತಮ್ಮಂದಿರು. ಎಲೆಗೆ ಸುಣ್ಣ ಹಚ್ಚುತ್ತ ಅವಳೇ ಮಾತು ತೆಗೆದಳು.

"ಏ, ಹಿಂದವಾಡಿ ಮನ್ಯಾಗ ಆ ಕರೀ ಡಬ್ಬಿ ಇತ್ತಲ್ಲ, ಟೀವಿಗೆ ಹಚ್ಚೂದು? ನೆನಪೈತಿ?"

"ಕಂಪ್ಯೂಟರ್! ಬಾವ್ಯಾಗಿನ ಮನಷ್ಯಾ!" ಎಂದು ದೊಡ್ಡ ತಮ್ಮ ಎದ್ದೇ ಕೂತ. ಅವನಿಗೀಗ ಮೊಮ್ಮಕ್ಕಳು. ಆದರೂ ಆ ಕ್ಯಾಸೆಟ್ಟು ಮಾಡುತ್ತಿದ್ದ ಕೀಂಯ್ ಎಂಬ ಸದ್ದನ್ನು ಮೂಗಿನಿಂದ ಹೊರಡಿಸಿ ತೋರಿಸಿದ. ಮಗು ಬೆಚ್ಚಿ ಅತ್ತಿತು.

"ನಿನ್ನ ದನಿಗೆ ಆ ಕೂಸು ಹೆಸರು ಇಡಿಸಿಕೊಂಡ ದಿನಾನ ಓಡಿ ಹೋಗತೈತಿ, ಸುಮ್ಮ ಕುಂದರ" ಎಂದಳು ಅವನ ಹೆಂಡತಿ.

ನಕ್ಕಿದ್ದೇ ನಕ್ಕಿದ್ದು. ಯಾರೋ ಮೊಬೈಲಿನಲ್ಲಿ ಅಂಥದೇ ಒಂದು ಹಳೆಯ ಆಟ ಹುಡುಕಿ ಕೊಟ್ಟರು. ಐವತ್ತರ ಆಚೀಚೆಯ ಮೂವರು ತಲೆಗೆ ತಲೆ ಹಚ್ಚಿ ಅದನ್ನು ಆಡಿದರು. ನನ್ನ ಓರಗೆಯವಳು ಕಣ್ಣೊರೆಸಿಕೊಂಡು, "ನಮ್ಮ ಸಣ್ಣಂದಿನ ಸುಖ ಎಲ್ಲಾ ಆ ಡಬ್ಬ್ಯಾಗ ಐತಿ ನೋಡ. ನಮಗರ ಶನಿವಾರ ರವಿವಾರ ಅಷ್ಟ. ನಿನಗ ದಿನಾ ಸಿಗತಿತ್ತು. ನಸೀಬದಾಕಿ" ಎಂದಳು.

"ಹೌದು" ಎಂದೆ. ಗಡಿಯಾರ ನೋಡಿಕೊಂಡು, ನಾಲ್ಕಕ್ಕೆ ಬಸ್ಸಿದೆ ಎಂದು ಎದ್ದೆ.

ನಾನು ಮೂವತ್ತು ವರ್ಷ ಒಂದು ದವಾಖಾನೆಯ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡಿದವಳು. ಬೆಳಿಗ್ಗೆ ಐದಕ್ಕೆ ಏಳುತ್ತೇನೆ, ಆರಕ್ಕೆ ಸ್ನಾನ, ಏಳಕ್ಕೆ ನಾಷ್ಟಾ. ಒಂಬತ್ತೂವರೆಗೆ ದೀಪ ಆರಿಸುತ್ತೇನೆ. ಮನೆಯವರು ಇದನ್ನು ಕೆಲಸ ಕಲಿಸಿದ ಶಿಸ್ತು ಎಂದುಕೊಂಡಿದ್ದಾರೆ. ಅಲ್ಲ. ಇದನ್ನು ನಾನು ಕಲಿತದ್ದು ಹನ್ನೆರಡನೆಯ ವಯಸ್ಸಿನಲ್ಲಿ, ಮಂಚದ ಮೇಲೆ. ಆ ಡಬ್ಬಿಯೂ ಆ ಮಂಚದ ಎದುರಿಗೇ ಇತ್ತು. ಅವರಿಗೆ ಹೇಳದೆ ಬಂದದ್ದನ್ನು ಇಲ್ಲಿ ಬರೆದಿಡುತ್ತೇನೆ.

ಅದು ಎಂಬತ್ತರ ದಶಕದ ನಡುವಿನ ಮಾತು, ಬೆಳಗಾವಿಯ ಹಿಂದವಾಡಿಯಲ್ಲಿ ನಮ್ಮ ಮನೆ. ಜೂನ್ ತಿಂಗಳು, ಶಾಲೆ ಆಗತಾನೆ ಶುರುವಾಗಿತ್ತು. ಮೊದಲು ಗಂಟಲು ನೋವು ಬಂತು. ಅದು ಹೋಯಿತು ಎನ್ನುವಷ್ಟರಲ್ಲಿ ಜ್ವರ ಬಂತು, ಬಲ ಮೊಣಕಾಲು ಊದಿತು. ಅದು ಇಳಿಯುವಾಗ ಎಡ ಕಾಲಿನ ಹಿಮ್ಮಡಿಯ ಮೇಲಿನ ಕೀಲು ಊದಿತು. ಅಪ್ಪ ನನ್ನನ್ನು ಎತ್ತಿಕೊಂಡು ಆಟೋದಲ್ಲಿ ಅವ್ವನ ಪಕ್ಕ ಕೂಡಿಸಿ ಪೇಟೆಯ ಡಾಕ್ಟರ ಹತ್ತಿರ ಒಯ್ದ. ಡಾಕ್ಟರು ಕೀಲುಗಳನ್ನು ಮುಟ್ಟಿ ನೋಡಿ ಬಿಟ್ಟರು. ಎದೆಯ ಮೇಲೆ ನಳಿಗೆ ಇಟ್ಟು ಮಾತ್ರ ಬಹಳ ಹೊತ್ತು ಕಣ್ಣು ಮುಚ್ಚಿ ಕೂತರು. ಅವರಿಗೆ ಮನೆಮಾತು ಮರಾಠಿ, ನಮ್ಮೊಡನೆ ಕನ್ನಡ.

"ವೈನಿ," ಎಂದರು ಅವ್ವನಿಗೆ, "ಕೀಲು ಬರೋಬರಿ ಆಗತಾವು. ಹಾರ್ಟಿನ ವಾಲ್ವಿಗೆ ಬಾವು ಬಂದೈತಿ. ಪೋರಿ ಮಲಗಬೇಕು. ಓಡೂದಿಲ್ಲ, ಜಿಗಿಯೂದಿಲ್ಲ, ಮೆಟ್ಟಲಾ ಹತ್ತೂದಿಲ್ಲ. ಇಪ್ಪತ್ತೊಂದ ದಿನಕ್ಕೊಮ್ಮೆ ಇಂಜೆಕ್ಷನ್. ಸೂಜಿ ಅಂಜಿಕಿಗೆ ಇಲ್ಲಿ ನಾಡಿ ಓಡತೈತಿ, ನನಗ ಖರೇ ತಿಳಿಯೂದಿಲ್ಲ. ಮನ್ಯಾಗ ನೀವ ಎಣಿಸಿ ಬರಕೊಂಬರ್ರಿ. ದಿನಾ ಒಂದ ಟೈಮಿಗೆ. ಟೈಮ್ ತಪ್ಪಸಬ್ಯಾಡ್ರಿ."

ಡಾಕ್ಟರಿಗೆ ಗೊತ್ತಿರಲಿಲ್ಲ, ಟೈಮ್ ತಪ್ಪಿಸಬೇಡಿ ಎಂದು ಅವರು ಹೇಳಿದ್ದು ಯಾರಿಗೆ ಎಂಬುದು. ಅವ್ವ ಓದಿದ್ದು ಏಳನೆಯ ಇಯತ್ತೆ. ಆದರೆ ಮಾತೆಂದರೆ ಮಾತು. ಮನೆಗೆ ಬಂದವಳೇ ಹಳೆಯ ಕ್ಯಾಲೆಂಡರಿನ ಬೆನ್ನಿಗೆ ನನ್ನ ದಿನವನ್ನು ಬರೆದು ಗೋಡೆಗೆ ಹೊಡೆದಳು. ಆರಕ್ಕೆ ಏಳುವುದು, ಏಳಕ್ಕೆ ಹಾಲು, ಎಂಟಕ್ಕೆ ಗುಳಿಗೆ, ಒಂಬತ್ತಕ್ಕೆ ಓದು, ಹನ್ನೊಂದಕ್ಕೆ ಮಲಗುವುದು. ಹೀಗೆ ರಾತ್ರಿಯವರೆಗೆ. ನಾಡಿ ಎಣಿಸಲು ಸೆಕೆಂಡಿನ ಮುಳ್ಳು ಬೇಕು. ಗೋಡೆಯ ಗಡಿಯಾರಕ್ಕೆ ಅದಿರಲಿಲ್ಲ. ಇದ್ದದ್ದು ಅಪ್ಪನ ಕೈಗಡಿಯಾರಕ್ಕೆ ಮಾತ್ರ. ಅಪ್ಪ ಮಚ್ಛೆಯ ಒಂದು ಫೌಂಡ್ರಿಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದ. ಸೈಕಲ್ ತುಳಿದು ಮನೆ ಮುಟ್ಟುವಷ್ಟರಲ್ಲಿ ಐದೂಕಾಲು. ಕೈಕಾಲು ತೊಳೆದು ಗಡಿಯಾರ ಬಿಚ್ಚಿ ಕೊಡುತ್ತಿದ್ದ. ಹಾಗಾಗಿ ನಾಡಿಗೆ ಗೊತ್ತಾದ ಹೊತ್ತು ಐದೂವರೆ.

ನನ್ನ ಮಂಚ ಮುಂದಿನ ಕೋಣೆಗೆ ಬಂತು. ಮಲಗುವ ಕೋಣೆಗೆ ಮೂರು ಮೆಟ್ಟಿಲು ಹತ್ತಬೇಕಿತ್ತು, ಅದಕ್ಕೆ. ಮುಂದಿನ ಕೋಣೆಗೆ ಒಂದು ಕಿಟಕಿ. ಕಿಟಕಿಯಲ್ಲಿ ಎದುರು ಮನೆಯ ಕಂಪೌಂಡು, ಅದರ ಮೇಲೆ ಒಣಗಲು ಹಾಕಿದ ಗೋಣಿಚೀಲ. ಇಷ್ಟೇ ಜಗತ್ತು. ಹತ್ತೂವರೆಗೆ ನಮ್ಮ ಶಾಲೆಯ ಗಂಟೆ ಕೇಳುತ್ತಿತ್ತು, ಐದಕ್ಕೆ ಮತ್ತೆ ಕೇಳುತ್ತಿತ್ತು. ಗೆಳತಿಯರು ಮೊದಮೊದಲು ಬಂದರು. ಮಂಚದ ಅಂಚಿಗೆ ಕೂತು ಸ್ವಲ್ಪ ಹೊತ್ತು ಕಾಲು ಆಡಿಸಿ, ಆಮೇಲೆ ಹೊರಗಿನಿಂದ ಯಾರೋ ಕರೆದಂತೆ ಎದ್ದು ಹೋಗುತ್ತಿದ್ದರು. ಶ್ರಾವಣದ ಹೊತ್ತಿಗೆ ಅದೂ ನಿಂತಿತು. ಗುಳಿಗೆಯಿಂದ ಕಿವಿಯಲ್ಲಿ ಒಂದೇ ಸಮ ಗುಂಯ್ ಎನ್ನುತ್ತಿತ್ತು. ಅವ್ವ ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತರೆ ಆ ಗುಂಯ್ ಒಂದೇ ಉಳಿಯುತ್ತಿತ್ತು.

ಗಣೇಶ ಚೌತಿಗೆ ಮಾಮಾ ಬಂದ. ಅವನಿಗೆ ಗೋವಾದ ಬಂದರಿನಲ್ಲಿ ಕೆಲಸ. ಹೆಂಡತಿ ಮಕ್ಕಳು ಖಾನಾಪುರದಲ್ಲಿ ಅಜ್ಜಿಯ ಹತ್ತಿರ. ಲೋಂಡಾದ ಮೇಲೆ ಹಾಯ್ದು ಬರುವ ಟ್ರೇನಿನಲ್ಲಿ ಬಂದವನು ಈ ಸಲ ಖಾನಾಪುರದಲ್ಲಿ ಇಳಿಯದೆ ನೇರ ಬೆಳಗಾವಿಗೇ ಬಂದಿದ್ದ. ಟ್ರಂಕಿನಲ್ಲಿ ಮೇಲೆ ಗೋಡಂಬಿ ಚೀಲ, ಅದರ ಕೆಳಗೆ ಲುಂಗಿಗಳು, ಲುಂಗಿಗಳ ನಡುವೆ ಆ ಕರಿಯ ಡಬ್ಬಿ. ನಮ್ಮ ಶಾಲೆಯ ಪಾಟಿಯಷ್ಟೇ ಅಗಲ, ರಬ್ಬರಿನ ಗುಂಡಿಗಳು.

"ಹಡಗಿನಾಂವ ಒಬ್ಬ ಕೊಟ್ಟ. ಇದನ್ನ ಟೀವಿಗೆ ಹಚ್ಚಿದ್ರ ಆಟಾ ಬರತೈತಿ" ಎಂದ ಮಾಮಾ. "ಮಲಕೊಂಡಲ್ಲೇ ಆಡಬಹುದು. ಜಿಗಿಯೂದು ಬ್ಯಾಡ, ಓಡೂದು ಬ್ಯಾಡ. ಬೆರಳಿಗೆ ಕೆಲಸ ಅಷ್ಟ."

"ಕಾಗದ ಪತ್ರ ಅದಾವೇನೋ ಇದಕ್ಕ?" ಎಂದು ಅಪ್ಪ ಕೇಳಿದ.

"ಹಡಗಿನಿಂದ ಇಳದದ್ದಕ್ಕ ಎಲ್ಲೀ ಕಾಗದ, ಭಾವಾ? ನೀವೇನ ಡಂಗುರಾ ಸಾರತೀರೇನ?"

ಅಂದು ಮನೆಯಲ್ಲಿ ಒಂದು ಕಾನೂನಾಯಿತು. ಈ ಡಬ್ಬಿಯ ಮಾತು ಹೊಸ್ತಿಲು ದಾಟಬಾರದು. ಯಾರಾದರೂ ಬಂದರೆ ಅವ್ವ ಅದರ ಮೇಲೆ ಕೈಯಿಂದ ಹೆಣೆದ ಒಂದು ಬಟ್ಟೆ ಹೊದಿಸಿ, ಬಟ್ಟೆಯ ಮೇಲೆ ಹೂದಾನಿ ಇಡುತ್ತಿದ್ದಳು. ಮಹಾನವಮಿಗೆ ಮಾತ್ರ ಬಟ್ಟೆ ತೆಗೆದು, ಅಪ್ಪನ ಸೈಕಲ್ಲಿಗೆ, ಈಳಿಗೆಗೆ ಹಚ್ಚಿದಂತೆ ಅದಕ್ಕೂ ಮೂರು ಬೆರಳಿನ ವಿಭೂತಿ ಹಚ್ಚಿದಳು.

ಆಟ ಕ್ಯಾಸೆಟ್ಟಿನಲ್ಲಿತ್ತು. ಟೇಪ್ ರೆಕಾರ್ಡರಿಗೆ ಹಾಕಿ ಒತ್ತಿದರೆ ಐದು ನಿಮಿಷ ಕಿವಿ ಹರಿಯುವಂತೆ ಕಿರುಚುತ್ತಿತ್ತು. ದನಿ ಒಂದಿಷ್ಟು ಹೆಚ್ಚಾದರೂ ಕಡಿಮೆಯಾದರೂ ಆಟ ಬರುತ್ತಿರಲಿಲ್ಲ, ಮತ್ತೆ ಮೊದಲಿನಿಂದ. ಸರಿಯಾದ ಜಾಗ ಸಿಕ್ಕ ದಿನ ದನಿಯ ಗುಂಡಿಗೆ ಕುಂಕುಮದ ಬೊಟ್ಟಿಟ್ಟೆ. ಆಟ ಇಷ್ಟೇ. ಒಂದು ಬಾವಿ. ತಳದಲ್ಲಿ ಒಬ್ಬ ಮನುಷ್ಯ. ಕೆಳಗಿನಿಂದ ನೀರು ಏರುತ್ತ ಬರುತ್ತದೆ. ಗೋಡೆಯಿಂದ ಹೊರಗೆ ಚಾಚಿದ ಕಲ್ಲುಗಳ ಮೇಲೆ ಜಿಗಿಯುತ್ತ ಅವನು ಮೇಲೆ ಹತ್ತಬೇಕು. ಒಂದು ಬಾವಿ ಹತ್ತಿದರೆ ಮತ್ತೊಂದು ಬಾವಿ, ಅದರಲ್ಲಿ ನೀರು ಇನ್ನೂ ಬೇಗ. ಜಿಗಿಯಬಾರದೆಂದು ಮಲಗಿದ ನಾನು ಹೆಬ್ಬೆರಳಿನಿಂದ ದಿನಕ್ಕೆ ಸಾವಿರ ಸಲ ಜಿಗಿದೆ.

ಅವ್ವ ಅದಕ್ಕೂ ಹೊತ್ತು ಗೊತ್ತು ಮಾಡಿದಳು. ಐದರಿಂದ ಐದೂವರೆ. ಆ ಅರ್ಧ ಗಂಟೆ ಕ್ಯಾಲೆಂಡರಿನಲ್ಲಿ ಖಾಲಿ ಇತ್ತು, ಅದಕ್ಕೆ. ಐದೂವರೆಗೆ ಟೀವಿ ಬಂದ್. ಕೂಡಲೇ ನನ್ನ ಮಣಿಕಟ್ಟು ಅವಳ ಬೆರಳಿನಲ್ಲಿ.

ಮತ್ತೆ ಖಾನಾಪುರದ ಮೂವರು. ನಾನು ಮಲಗಿದ ಮೇಲೆ ಅವರೂ ಬರುವುದು ಬಿಟ್ಟಿದ್ದರು. ಡಬ್ಬಿ ಬಂದದ್ದೇ ತಡ, ಶನಿವಾರ ಅರ್ಧ ದಿನದ ಶಾಲೆ ಬಿಟ್ಟವರು ಚೀಲ ಸಮೇತ ಬಸ್ಸು ಹತ್ತುತ್ತಿದ್ದರು. ರವಿವಾರ ಸಂಜೆಯವರೆಗೆ ಮುಂದಿನ ಕೋಣೆ ತುಂಬಿರುತ್ತಿತ್ತು. ಅವರಿದ್ದ ಎರಡು ದಿನ ಅವ್ವ ಹೊತ್ತನ್ನು ಸ್ವಲ್ಪ ಸಡಿಲ ಬಿಡುತ್ತಿದ್ದಳು. ಪಾಳಿಯ ಪಟ್ಟಿ ನಾನು ಬರೆಯುತ್ತಿದ್ದೆ.

"ನನ್ನ ಪಾಳಿ ಯಾವಾಗ?" ಎಂದು ಸಣ್ಣ ತಮ್ಮ ಗಂಟೆಗೆ ಹತ್ತು ಸಲ ಕೇಳುತ್ತಿದ್ದ.

"ನಿನ್ನ ಮನಷ್ಯಾ ದಿನಾ ನೀರಾಗ ಮುಳಗತಾನ. ಮೊದಲ ಈಜ ಕಲಿ, ಆಮ್ಯಾಲ ಬಾ" ಎಂದು ಅವನ ಅಕ್ಕ ಕಾಡಿಸುತ್ತಿದ್ದಳು.

ಒಂದು ಸಲ ಮಳೆ ನಿಂತು ಬಿಸಿಲು ಬಿದ್ದಾಗ ಇಬ್ಬರು ಹುಡುಗರೂ ಬೀದಿಗೆ ಓಡಿದರು. ಬಾಗಿಲು ತೆರೆದೇ ಇತ್ತು. ಅವರು ನಗುವುದು ಕೇಳಿಸುತ್ತಿತ್ತು, ಕಾಣುತ್ತಿರಲಿಲ್ಲ. ಅವರು ಒಳಗೆ ಬಂದಾಗ ನಾನು ಪಟ್ಟಿಯ ತುದಿಗೆ ಒಂದು ನಿಯಮ ಸೇರಿಸಿದ್ದೆ: ಹೊರಗೆ ಹೋದವರ ಪಾಳಿ ಹೋಯಿತು. ಆಮೇಲೆ ಯಾರೂ ಹೋಗಲಿಲ್ಲ. ಈಗ ಅವರು ಅದನ್ನೂ ಸುಖವೆಂದೇ ನೆನೆಯುತ್ತಾರೆ.

ಅವ್ವ ನಾಡಿ ಬರೆದಿಡುತ್ತಿದ್ದ ನೋಟಬುಕ್ಕಿನಲ್ಲಿ ಏನಾಗುತ್ತಿತ್ತು ಎಂಬುದನ್ನು ನಾವು ಮಕ್ಕಳು ಯಾರೂ ನೋಡಲಿಲ್ಲ. ಡಬ್ಬಿ ಬರುವ ಮೊದಲು, ಮಧ್ಯಾಹ್ನದ ನಿದ್ದೆಯ ನಂತರ ಸುಮ್ಮನೆ ಬಿದ್ದುಕೊಂಡಿದ್ದ ದಿನಗಳಲ್ಲಿ, ನನ್ನ ನಾಡಿ ತೊಂಬತ್ತಾರರಿಂದ ಮೆಲ್ಲಗೆ ಎಂಬತ್ತೆಂಟಕ್ಕೆ ಇಳಿದಿತ್ತು. ಚೌತಿಯ ನಂತರ ಅದು ನೂರಕ್ಕೆ ಹತ್ತಿತು. ಮಹಾನವಮಿಗೆ ನೂರಾ ಎಂಟು. ರವಿವಾರಗಳಲ್ಲಿ ನೂರಾ ಹದಿನಾರು. ಡಾಕ್ಟರು ಪ್ರತಿ ಇಪ್ಪತ್ತೊಂದನೆಯ ದಿನ ಆ ಹಾಳೆ ನೋಡಿ ಹುಬ್ಬು ಗಂಟಿಕ್ಕುತ್ತಿದ್ದರು. ದೀಪಾವಳಿಗೆ ಎದ್ದು ಓಡಾಡಬಹುದು ಎಂದಿದ್ದವರು, "ಇನ್ನೊಂದ ಎರಡ ತಿಂಗಳ ನೋಡೂಣು ವೈನಿ" ಎಂದರು. ಅವ್ವ ಮನೆಗೆ ಬಂದು ನನ್ನ ಊಟದ ಉಪ್ಪು ಇನ್ನಷ್ಟು ಕಡಿಮೆ ಮಾಡಿದಳು.

ನನಗೆ ಗೊತ್ತಾದದ್ದು ದೀಪಾವಳಿ ಕಳೆದ ವಾರ. ಒಂದು ದಿನ ಸರಿಯಾಗಿ ಐದಕ್ಕೆ ಕರೆಂಟು ಹೋಯಿತು. ಆಟವಿಲ್ಲ. ಐದೂವರೆಗೆ ಅವ್ವ ಎಣಿಸಿದಳು: ಎಂಬತ್ತಾರು. ಅವಳು ನಂಬದೆ ಮತ್ತೊಮ್ಮೆ ಎಣಿಸಿದಳು. ಎಂಬತ್ತಾರೇ. "ಕರೆಂಟ ಹೋದ್ರ ಅಂಧಾರದಾಗ ನಾಡಿ ಬರೋಬರಿ ಸಿಗೂದಿಲ್ಲ" ಎಂದು ಗೊಣಗಿ ಬರೆದುಕೊಂಡಳು. ಮರುದಿನ ಕರೆಂಟಿತ್ತು. ನೂರಾ ಹತ್ತು.

ಹನ್ನೆರಡು ವರ್ಷದವಳಾದರೂ ಆ ಮಂಚದ ಮೇಲೆ ಲೆಕ್ಕ ಹಾಕಲು ಬೇಕಾದಷ್ಟು ಹೊತ್ತಿತ್ತು. ಮೂರನೆಯ ದಿನ ಪರೀಕ್ಷೆ ಮಾಡಿದೆ. ಆಟ ಹಚ್ಚಿದೆ, ಆದರೆ ಗುಂಡಿ ಮುಟ್ಟಲಿಲ್ಲ. ಬಾವಿಯ ಮನುಷ್ಯ ನಿಂತಲ್ಲೇ ನಿಂತು ಮುಳುಗಿದ, ಮತ್ತೆ ಹುಟ್ಟಿದ, ಮತ್ತೆ ಮುಳುಗಿದ. ನಾನು ಗೋಡೆ ನೋಡುತ್ತ ಕೂತೆ. ಐದೂವರೆಗೆ ಎಂಬತ್ತೆಂಟು. ಮುಂದೆ ಲ್ಯಾಬಿನಲ್ಲಿ ಕೈಕೆಳಗಿನವರಿಗೆ ನಾನು ಕಲಿಸಿದ ಮೊದಲ ಪಾಠ ಇದೇ. ರಕ್ತ ತೆಗೆಯುವ ಮುಂಚೆ ರೋಗಿ ಏನು ಮಾಡುತ್ತಿದ್ದ ಎಂದು ಕೇಳಿ. ಆಗ ನನಗೆ ಯಾರೂ ಕಲಿಸಿರಲಿಲ್ಲ. ಆದರೂ ತಿಳಿಯಿತು. ಓಡುತ್ತಿದ್ದದ್ದು ರೋಗವಲ್ಲ, ಬಾವಿಯ ನೀರು.

ಅವ್ವನಿಗೆ ಹೇಳಿ ನೋಡಿದೆ. ಅರ್ಧ ಮಾತ್ರ.

"ಅವ್ವಾ, ನಾಡಿ ಐದಕ್ಕ ಎಣಸಬಾರದ? ಆಟಕ್ಕ ಮೊದಲ?"

"ಐದಕ್ಕ ಗಡಿಯಾರ ಮಚ್ಛ್ಯಾಗ ಇರತೈತಿ."

"ಹಂಗಾರ ಮುಂಜಾನೆ? ಅಪ್ಪ ಹೋಗೂಕಿಂತ ಮೊದಲ?"

ಅವ್ವ ನನ್ನ ಮುಖವನ್ನೇ ನೋಡಿದಳು. "ಡಾಕ್ಟರ ಏನ ಹೇಳ್ಯಾರ? ಒಂದ ಟೈಮ್. ನಾ ಇಷ್ಟ ದಿನಾ ಒಂದ ದಿನಾ ತಪ್ಪಿಸಿಲ್ಲ. ಸಾಲಿಗೆ ಹೋಗೂ ಆಶಾಕ್ಕ ನಂಬರ ಕದಿಯಾಕ ಹತ್ತಿಯೇನ? ನಂಬರ ಕಮ್ಮಿ ಬರದ್ರ ಹಾರ್ಟ ಆರಾಮ ಆಗತೈತೇನ?"

ಅಲ್ಲಿಗೆ ಬಿಟ್ಟೆ. ಆಟ ಆಡಿದ್ದಕ್ಕೇ ನಾಡಿ ಏರುತ್ತದೆ ಎಂಬ ಉಳಿದ ಅರ್ಧವನ್ನು ಹೇಳಲಿಲ್ಲ. ಹೇಳಿದರೆ ಮರುದಿನವೇ ಡಬ್ಬಿ ಅಟ್ಟಕ್ಕೆ ಹೋಗುತ್ತಿತ್ತು. ಡಬ್ಬಿ ಹೋದರೆ ಶನಿವಾರದ ಬಸ್ಸಿನಿಂದ ಇಳಿಯುವವರು ಯಾರು? ಆಟ ಬಿಟ್ಟರೆ ನಾನು ಹೊರಗೆ ಹೋಗಬಹುದಿತ್ತು, ಖರೆ, ಆದರೆ ಎಂದು? ಒಂದು ತಿಂಗಳಿಗೋ, ಎರಡು ತಿಂಗಳಿಗೋ? ಅಲ್ಲಿಯವರೆಗೆ ಆ ಕಿಟಕಿ, ಆ ಗೋಣಿಚೀಲ, ಕಿವಿಯೊಳಗಿನ ಆ ಗುಂಯ್. ಅಷ್ಟು ದಿನ ಒಬ್ಬಳೇ ಇರಲು ನನಗೆ ಧೈರ್ಯವಾಗಲಿಲ್ಲ. ದಿನಾ ಐದಕ್ಕೆ ಆಡಿದೆ. ದಿನಾ ಐದೂವರೆಗೆ, ಏನೂ ಗೊತ್ತಿಲ್ಲದವಳಂತೆ ಕೈ ಚಾಚಿದೆ. ಉಸಿರು ಬಿಗಿಹಿಡಿದು ನಾಡಿ ಇಳಿಸಲು ನೋಡಿದ್ದೂ ಉಂಟು. ಅದರಿಂದ ಇನ್ನೂ ಏರಿತು. ಹೀಗೆ ಮೂರು ತಿಂಗಳು. ಅವ್ವ ನನ್ನನ್ನು ಕೂಡಿಹಾಕಿದಳು ಎಂದು ನಾನು ಹೇಳುವಂತಿಲ್ಲ. ಮೊದಲ ಐದು ತಿಂಗಳು ರೋಗ ಮತ್ತು ಅವ್ವನ ನಿಯಮ. ಉಳಿದ ಮೂರು ನನ್ನವು.

ಫೆಬ್ರುವರಿಯಲ್ಲಿ ಇಂಜೆಕ್ಷನ್ನಿನ ದಿನ ಡಾಕ್ಟರು ನೋಟಬುಕ್ಕಿನ ಹಾಳೆಗಳನ್ನು ಹಿಂದೆ ಮುಂದೆ ತಿರುವಿದರು. ನನ್ನ ಎದೆಯನ್ನು ಎರಡು ಸಲ ಕೇಳಿದರು.

"ವೈನಿ, ನನಗ ಇದು ತಿಳಿಯವಲ್ದು. ಜ್ವರಾ ಇಲ್ಲ, ಕೀಲ ನೋವ ಇಲ್ಲ, ಎದಿ ಸಪ್ಪಳಾನೂ ಕಮ್ಮಿ ಆಗೇತಿ. ಆದ್ರ ನಾಡಿ ನೋಡ್ರಿ ಹೆಂಗ ಓಡಾಕತ್ತೈತಿ. ಒಳಗ ಏನೋ ನಡದೈತಿ. ಒಂದ ಕೆಲಸ ಮಾಡ್ರಿ, ಮಿರಜಕ್ಕ ಒಯ್ರಿ. ದೊಡ್ಡ ಡಾಕ್ಟರ ವಾಲ್ವ್ ನೋಡ್ಲಿ. ಬೇಕಾದ್ರ ಆಪರೇಷನ್ ಅಂತಾರ. ಅಲ್ಲೀತನಕ ಇನ್ನೂ ಆರ ತಿಂಗಳ ಮಂಚಾ ಬಿಡಸಬ್ಯಾಡ್ರಿ."

"ಆಪರೇಷನ್ ಅಂದ್ರ... ಎದಿ ಕೊಯ್ತಾರೇನ್ರಿ?" ಎಂದಳು ಅವ್ವ.

ಡಾಕ್ಟರು ಚೀಟಿ ಬರೆಯತೊಡಗಿದರು. ಅವ್ವ ಅಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಅವಳು ಬರೆದ ಅಂಕಿಗಳೇ ನನ್ನನ್ನು ಮಿರಜಕ್ಕೆ ಕಳಿಸುತ್ತಿದ್ದವು, ಅದು ಅವಳಿಗೆ ಗೊತ್ತಿರಲಿಲ್ಲ; ನನಗೆ ಗೊತ್ತಿತ್ತು.

"ಡಾಕ್ಟರ್ರ," ಎಂದೆ, "ಅದು ಆಟದ್ದ ನಾಡಿ ಐತ್ರಿ."

"ಯಾವ ಆಟ?"

ಅವ್ವನ ಕೈ ನನ್ನ ತೊಡೆಯ ಮೇಲೆ ಬಂದು ಒತ್ತಿತು. "ಏನಿಲ್ರೀ, ಸಣ್ಣ ಹುಡುಗಿ, ಟೀವಿ ಅದು ಇದು ನೋಡತಾಳ್ರಿ..."

"ಟೀವಿ ಅಲ್ರಿ. ಕಂಪ್ಯೂಟರ್. ಬಾವ್ಯಾಗ ನೀರ ಏರತೈತ್ರಿ. ಐದರಿಂದ ಐದೂವರಿ ಆಡತೀನಿ. ಅದು ಮುಗದ ಕೂಡ್ಲೆ ಅವ್ವ ಎಣಸತಾಳ್ರಿ. ಕರೆಂಟ ಹೋದ ದಿನಾ ನೋಡ್ರಿ, ಎಂಬತ್ತಾರ ಐತಿ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಕಂಪ್ಯೂಟರ್? ಮನ್ಯಾಗ? ಎಲ್ಲಿ ಸಿಕ್ತು ನಿಮಗ? ನನ್ನ ಮಗ ಎರಡ ವರ್ಷಾತು ಜೀವಾ ತಿನ್ನಾಕತ್ತಾನ!"

ಅವ್ವನ ಮುಖ ಸುಣ್ಣದ ಗೋಡೆಯಾಯಿತು. ಕಸ್ಟಮ್ಸಿನವರು ಬಾಗಿಲಲ್ಲೇ ನಿಂತಿದ್ದಾರೆ ಎನ್ನುವಂತೆ ಹಿಂದೆ ತಿರುಗಿ ನೋಡಿದಳು. ಡಾಕ್ಟರು ಮಗನ ಮಾತು ಅಲ್ಲಿಗೇ ಬಿಟ್ಟು ನೋಟಬುಕ್ಕು ಎಳೆದುಕೊಂಡರು. ಎಂಬತ್ತಾರರ ಹಾಳೆ ಹುಡುಕಿದರು, ಎಂಬತ್ತೆಂಟರದನ್ನೂ ಕಂಡರು. ಸೂಜಿ ಕೊಡದೆ ನನ್ನನ್ನು ಒಳಕೋಣೆಯ ಬೆಂಚಿನ ಮೇಲೆ ಮಲಗಿಸಿ ಕಾಲು ತಾಸು ಬಿಟ್ಟರು. ಬಂದು ತಾವೇ ಎಣಿಸಿದರು.

"ಎಂಬತ್ನಾಕು" ಎಂದರು. ಆಮೇಲೆ ಅವ್ವನ ಕಡೆ ತಿರುಗಿ, "ವೈನಿ, ಆಟಾ ಆಡಿದ ಕೂಡ್ಲೆ ಯಾರರ ನಾಡಿ ಹಿಡಿತಾರ? ಇಷ್ಟ ತಿಳಿಬಾರದ? ಒಂದ ತಿಂಗಳ ಆ ಡಬ್ಬಿ ಬಂದ್ ಮಾಡ್ರಿ. ಆಮ್ಯಾಲ ಮಿರಜದ ಮಾತು" ಎಂದರು.

"ಒಂದ ಟೈಮಿಗೆ ಅಂದಿದ್ರಿ" ಎಂದಳು ಅವ್ವ.

ಸಂಜೆ ಅವ್ವ ಅಪ್ಪನಿಗೆ ಎಲ್ಲ ಹೇಳಿದಳು. ಆಪರೇಷನ್ನಿನ ಮಾತಿಗಿಂತ ಮೊದಲು ಅಪ್ಪ ಗಾಬರಿಯಾದದ್ದು, "ಡಾಕ್ಟರಗ ಡಬ್ಬಿ ಸುದ್ದಿ ಹೇಳಿದ್ಲಾ?" ಎಂದು. ಅದೇ ಶನಿವಾರ ಮಾಮಾ ಬಂದು ಡಬ್ಬಿಯನ್ನು ಮತ್ತೆ ಲುಂಗಿಗಳ ನಡುವೆ ಇಟ್ಟುಕೊಂಡು ಖಾನಾಪುರಕ್ಕೆ ಒಯ್ದ. ಮಕ್ಕಳು ಅವನ ಹಿಂದೆಯೇ ಹೋದರು. ಸಣ್ಣವನು ಬಾಗಿಲಲ್ಲಿ ನಿಂತು, "ಅಕ್ಕಾ, ನೀ ಆರಾಮಾಗು, ನಿನ್ನ ಪಾಳಿ ನಾ ಆಡತೀನಿ" ಎಂದ. ಅವನ ಮಟ್ಟಿಗೆ ಅದು ತ್ಯಾಗವೇ.

ಆ ತಿಂಗಳು ಮೊದಲ ಎಂಟು ತಿಂಗಳಿಗಿಂತ ಉದ್ದವಾಗಿತ್ತು. ಶನಿವಾರ ಬಂದರೆ ಬೀದಿಯ ಸದ್ದಿಗೆ ಕಿವಿ ಕೊಡುವುದು, ರವಿವಾರ ಕೊಡದಿರಲು ನೋಡುವುದು. ಅವ್ವ ಕೆಲಸಕ್ಕೆ ಬೇಕಾದಷ್ಟೇ ಮಾತಾಡುತ್ತಿದ್ದಳು: ಏಳು, ಹಾಲು ಕುಡಿ, ಗುಳಿಗೆ ನುಂಗು. ಐದೂವರೆಗೆ ಕೈ ಹಿಡಿದು ಎಣಿಸಿ, ಎಂಬತ್ನಾಲ್ಕು, ಎಂಬತ್ತೆರಡು, ಎಂಬತ್ತು ಎಂದು ಬರೆಯುತ್ತಿದ್ದಳು. ಇಳಿಯುವ ಒಂದೊಂದು ಅಂಕಿಯೂ ಅವಳ ಎಂಟು ತಿಂಗಳ ದುಡಿತವನ್ನು ಅಳಿಸುತ್ತಿತ್ತು. ಅವಳಿಗೆ ಸಂತೋಷವಾಗದೆ ಇರಲಿಲ್ಲ. ಆದರೆ ಪೆನ್ಸಿಲನ್ನು ಬಹಳ ಒತ್ತಿ ಬರೆಯುತ್ತಿದ್ದಳು. ಮುಂದಿನ ಹಾಳೆಯಲ್ಲೂ ಅಚ್ಚು ಕಾಣುತ್ತಿತ್ತು.

ಮಾರ್ಚಿನಲ್ಲಿ ಡಾಕ್ಟರು ಮಿರಜದ ಚೀಟಿ ಹರಿದರು. ಇಂಜೆಕ್ಷನ್ ಇನ್ನೂ ಬಹಳ ವರ್ಷ ನಡೆಯಬೇಕು, ಅದು ಬೇರೆ. "ನಡೀಲಿ, ಮೆಟ್ಟಲಾ ಹತ್ತಲಿ. ಜೂನಿಗೆ ಸಾಲಿಗೆ ಕಳಸ್ರಿ. ಸೂಟಿಯೊಳಗ ಸಾವಕಾಶ ಓಡಿದ್ರೂ ಅಡ್ಡಿ ಇಲ್ಲ, ದಮ್ಮ ಹತ್ತಿದ್ರ ನಿಂದರಬೇಕ ಅಷ್ಟ." ಅವ್ವ ಓಡುವ ಮಾತನ್ನು ಮತ್ತೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡಳು.

ಏಪ್ರಿಲ್ ಸೂಟಿಗೆ ಅವ್ವ, ನಾನು ಖಾನಾಪುರಕ್ಕೆ ಹೋದೆವು. ಬಸ್ಸಿನಲ್ಲಿ ಕಿಟಕಿಯ ಬದಿಗೆ ಕೂತು, ಇಳಿದ ಕೂಡಲೇ ಎಲ್ಲೆಲ್ಲಿ ಓಡಬೇಕು ಎಂದು ಅನುಕ್ರಮ ಹಾಕಿಕೊಂಡಿದ್ದೆ. ಮೊದಲು ಅಜ್ಜಿಯ ಹಿತ್ತಲು, ಆಮೇಲೆ ಹೊಳೆಯ ದಾರಿ, ಆಮೇಲೆ ಮೂವರ ಜೊತೆ ಮಾವಿನ ತೋಪು.

ಮನೆಯ ಒಳಗೆ ಕತ್ತಲೆ. ಟೀವಿಯ ಬೆಳಕು ಕಾಣಲೆಂದು ಕಿಟಕಿಗೆ ಕಂಬಳಿ ಹಾಕಿದ್ದರು. ಓಣಿಯ ಐದು ಮಕ್ಕಳು ಸೇರಿ ಎಂಟು ಜನ ಒಬ್ಬರ ಬೆನ್ನಿಗೊಬ್ಬರು ಕೂತಿದ್ದರು.

"ಬರ್ರಿ, ಹೊಳೀಗೆ ಹೋಗೂಣು. ಡಾಕ್ಟರ ಓಡಬಹುದು ಅಂದಾರ" ಎಂದೆ.

"ತಡೀ ತಡೀ, ಆರನೇ ಬಾವಿ!" ಎಂದಳು ನನ್ನ ಓರಗೆಯವಳು, ತಿರುಗದೆ. "ನೀ ಬಾ, ಬಾಜು ಕುಂದರ. ನಾಕ ಮಂದಿ ಆದ್ಮ್ಯಾಲ ನಿನ್ನ ಪಾಳಿ."

ತನ್ನ ಬಾಜು ಜಾಗ ಮಾಡಿಕೊಟ್ಟಳು, ಅದೂ ಖರೆ. ನಾನು ಬಾಗಿಲಲ್ಲಿ ನಿಂತಿದ್ದೆ. ಕೂತುಬಿಡಬೇಕು ಎಂದು ಎಷ್ಟು ಅನಿಸಿತೆಂದರೆ ಮೊಣಕಾಲು ಅರ್ಧ ಮಡಚಿತ್ತು ಕೂಡ. ಹಿಂದಿನಿಂದ ಅವ್ವ ಬಂದು ಕೋಣೆಯೊಳಗೆ ಇಣುಕಿ ನೋಡಿದಳು, ನನ್ನನ್ನು ನೋಡಿದಳು.

"ನಡಿ," ಎಂದಳು. "ಹೊಳೀಗೆ ನಾ ಬರತೀನಿ."

ಮಲಪ್ರಭೆಯವರೆಗೆ ನಡೆದೆವು. ಬೇಸಿಗೆಯ ನೀರು, ದಂಡೆಯಿಂದ ದೂರ ಸರಿದಿತ್ತು. ದಾರಿಯಲ್ಲಿ ಅವ್ವ ಎರಡು ಸಲ "ಸಾವಕಾಶ" ಎನ್ನಲು ಹೊರಟು "ಸಾ" ಎಂಬಲ್ಲೇ ನಿಲ್ಲಿಸಿದಳು. ಹೊಳೆಗಿಳಿಯುವ ಘಟ್ಟದ ಕಲ್ಲಿನ ಮೇಲೆ ಕೂತ ಮೇಲೆ ಅವಳೇ ಮಾತು ತೆಗೆದಳು.

"ಡಾಕ್ಟರ ಮುಂದ ಹೇಳೂಕಿಂತ ಮೊದಲ ನನ್ನ ಮುಂದ ಹೇಳಬೇಕಿತ್ತು."

"ಹೇಳಿದ್ರ ಕೇಳತಿದ್ದೇನ?"

ಅವ್ವ ಸುಳ್ಳು ಹೇಳುವವಳಲ್ಲ. ವಿಚಾರ ಮಾಡಿದಳು. "ಇಲ್ಲ" ಎಂದಳು.

ನಾನೂ ಆಗ ನನ್ನ ಮೂರು ತಿಂಗಳ ಮಾತು ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಅವ್ವ ತೀರಿಕೊಂಡು ಈಗ ನಾಲ್ಕು ವರ್ಷ, ಕೊನೆಯವರೆಗೂ ಹೇಳಲಿಲ್ಲ.

ನಾನು 'ಓಡಲಾ' ಎಂದು ಕೇಳಲಿಲ್ಲ. ಅವಳು 'ಓಡು' ಎನ್ನಲಿಲ್ಲ. ಎದ್ದು ಚಪ್ಪಲಿ ಬಿಟ್ಟು ದಂಡೆಗುಂಟ ಓಡಿದೆ. ಕಾಲು ನೆಟ್ಟಗೆ ಬೀಳಲಿಲ್ಲ. ಒಂಬತ್ತು ತಿಂಗಳು ಮಂಚದ ಮೇಲಿದ್ದ ಕಾಲು, ಬೇರೆಯವರ ಕಾಲಿನಂತೆ ಅಡ್ಡಾದಿಡ್ಡಿ ಬಿತ್ತು. ಒಂದು ಕರಿ ಎಮ್ಮೆ ಮೇಯುತ್ತಿತ್ತು, ಅದನ್ನು ದಾಟಿದೆ. ಬಟ್ಟೆ ಒಗೆಯುವವರ ಕಲ್ಲುಗಳನ್ನು ದಾಟಿದೆ. ಈಗ ಕೂಗುತ್ತಾಳೆ, ಈಗ ಕೂಗುತ್ತಾಳೆ ಎಂದು ಬೆನ್ನೆಲ್ಲ ಕಿವಿಯಾಗಿತ್ತು. ದಮ್ಮು ಹತ್ತಿ ನಿಂತೆ. ಕೂಗಿರಲಿಲ್ಲ.

ತಿರುಗಿ ನೋಡಿದೆ. ಅವ್ವ ಅಲ್ಲೇ ಕಲ್ಲಿನ ಮೇಲೆ ಕೂತಿದ್ದಳು. ನಾನು ಓಡಿದ ಕಡೆಗೆ ಬೆನ್ನು ಮಾಡಿ, ಏನೂ ಇಲ್ಲದ ಆಚೆ ದಂಡೆಯನ್ನು ನೋಡುತ್ತ ಕೂತಿದ್ದಳು.